ಮಾಸ್ತರರ ಲೆನ್ಸು ಮೂರು ಸಲ ಬಿಚ್ಚಿದ್ದು

ನಮ್ಮ ಮನೆಯಲ್ಲಿ ಧೂಳಿಲ್ಲದ ಜಾಗ ಬಚ್ಚಲು ಒಂದೇ. ಹುನಗುಂದದಲ್ಲಿ ಗಾಳಿ ಎದ್ದರೆ ಎರೆಹೊಲದ ಮಣ್ಣು ಮುಚ್ಚಿದ ಬಾಗಿಲಿನ ಸಂದಿಯಿಂದ ಒಳಗೆ ಬಂದು ದೇವರ ಜಗಲಿಯ ಮೇಲೂ ಕೂರುತ್ತದೆ. ಆದ್ದರಿಂದ ಹಳೆಯ ಕ್ಯಾಮೆರಾ ಲೆನ್ಸು ಬಿಚ್ಚುವ ದಿನ ನಾನು ಬೆಳಿಗ್ಗೆ ಎದ್ದವನೇ ಬಚ್ಚಲಿಗೆ ಎರಡು ಕೊಡ ಬಿಸಿನೀರು ಸುರಿಯುತ್ತೇನೆ. ಉಗಿಗೆ ಧೂಳು ಕೆಳಗಿಳಿಯುತ್ತದೆ. ನೆಲ ಆರಿದ ಮೇಲೆ ಮಣೆ, ಟೇಬಲ್ ಲ್ಯಾಂಪು, ಸಾಮಾನಿನ ಡಬ್ಬಿ ತೆಗೆದುಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಂಡರೆ ಮಧ್ಯಾಹ್ನದ ತನಕ ಮನೆಯಲ್ಲಿ ಯಾರಿಗೂ ಜಳಕವಿಲ್ಲ.

"ಊಟಾನೂ ಅಲ್ಲೇ ಕೊಡ್ಲೇನ್ರಿ? ಹಾಸಿಗಿನೂ ಅಲ್ಲೇ ಹಾಸ್ತೇನಿ," ಎಂದು ಹೊರಗಿನಿಂದ ನನ್ನ ಹೆಂಡತಿ ಕಸ್ತೂರಿ ಕೂಗುತ್ತಾಳೆ. ನಾನು ಉತ್ತರ ಕೊಡುವುದಿಲ್ಲ. ಗಾಜು ಕೈಯಲ್ಲಿದ್ದಾಗ ಬಾಯಿ ತೆಗೆದರೆ ಉಗುಳಿನ ಹನಿ ಬೀಳುತ್ತದೆ. ಅದಕ್ಕೇ ದಿನದಲ್ಲಿ ನಾನು ಯಾರ ಮೇಲೂ ರೇಗದೆ ಇರುವುದು ಆ ನಾಲ್ಕು ತಾಸು ಮಾತ್ರ.

ಬಾಗಲಕೋಟೆಯ ಒಂದು ಫೋಟೊ ಸ್ಟುಡಿಯೋದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಅಷ್ಟರಲ್ಲಿ ಹುಡುಗರಿಗೆ ಹೊಸ ಹುಚ್ಚು ಹಿಡಿದಿತ್ತು. ತಮ್ಮ ಅಪ್ಪಂದಿರಿಗಿಂತ ಹಳೆಯ ಲೆನ್ಸುಗಳನ್ನು ಗುಜರಿಯಿಂದ ತಂದು ಲಕ್ಷ ರೂಪಾಯಿಯ ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಿ ಮದುವೆ ಫೋಟೊ ತೆಗೆಯತೊಡಗಿದರು. ಅಂಥ ಲೆನ್ಸಿನೊಳಗೆ ಬೂಷ್ಟು ಬೆಳೆದಿರುತ್ತದೆ. ಜೇಡರ ಬಲೆಯ ಹಾಗೆ ಗಾಜಿಗೆ ಹಬ್ಬಿರುತ್ತದೆ. ಅದನ್ನು ಬಿಚ್ಚಿ, ತೊಳೆದು, ಇದ್ದ ಹಾಗೆ ಕೂಡಿಸಿ ಕೊಡುವುದು ನನ್ನ ಕೆಲಸ. ಇಳಕಲ್ಲಿನಿಂದ, ಗದಗಿನಿಂದ, ಮುಧೋಳದಿಂದ ಬಸ್ಸಿನ ಮೇಲೆ ಪಾರ್ಸಲು ಬರುತ್ತವೆ. ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಹೆಸರೊಂದೇ.

ಆ ಹೆಸರಿಗೆ ಕಲ್ಲು ಬಿದ್ದದ್ದು ವಾಸುದೇವ ಮಾಸ್ತರರಿಂದ.

ಮಾಸ್ತರರು ಮರೋಳದ ಕಡೆಯ ನಮ್ಮೂರಿನ ಶಾಲೆಯಲ್ಲಿ ನನಗೆ ನಾಲ್ಕನೆಯಿಂದ ಏಳನೆಯ ಇಯತ್ತೆಯ ತನಕ ಕಲಿಸಿದವರು. ನನ್ನ ಓದು ಮುಗಿದದ್ದೂ ಅಲ್ಲಿಗೇ. ಈಗ ಅವರಿಗೆ ಎಪ್ಪತ್ತೊಂಬತ್ತು. ಬದಾಮಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹೊಂಡದ ದಂಡೆಯಲ್ಲಿ ನಿಂತು ಸಂಜೆಯ ಬಿಸಿಲು ಕೆಂಪು ಬಂಡೆಯ ಮೇಲೆ ಬೀಳುವುದನ್ನು ನಲವತ್ತು ವರ್ಷದಿಂದ ಒಂದೇ ಲೆನ್ಸಿನಲ್ಲಿ ತೆಗೆಯುತ್ತ ಬಂದವರು. ಅದು ಜರ್ಮನಿಯದು, ನನಗಿಂತ ಹಿರಿಯದು.

ಜೂನ್ ತಿಂಗಳಲ್ಲಿ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವರೇ ಬಂದರು.

"ಏ ದುಂಡ್ಯಾ, ಇದರಾಗ ಎಲ್ಲಾ ಮಂಜು ಮಂಜು ಕಾಣಲಿಕ್ಕೆ ಹತ್ತೇದ ನೋಡು."

ನನ್ನನ್ನು ದುಂಡ್ಯಾ ಎಂದು ಕರೆಯುವವರು ಈಗ ಅವರೊಬ್ಬರೇ ಉಳಿದಿದ್ದಾರೆ. ಟಾರ್ಚು ಬಿಟ್ಟು ನೋಡಿದೆ. "ಬೂಷ್ಟು ಹತ್ತೈತ್ರಿ ಸರ. ನಾಕ ದಿನ ಬಿಡ್ರಿ, ಕನ್ನಡಿ ಆಗಿರತೈತಿ."

ಮುಂದಿನ ರಿಂಗಿಗೆ ರಬ್ಬರಿನ ಬಿರಡೆ ಒತ್ತಿ ತಿರುಗಿಸಬೇಕು. ಅದು ಬಿಟ್ಟ ಮೇಲೆ ಗಾಜುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಬಂದ ಸಾಲಿನಲ್ಲೇ ಹಳೆ ಧೋತರದ ತುಂಡಿನ ಮೇಲೆ ಇಟ್ಟು, ಮೇಲ್ಮುಖ ಯಾವುದೆಂದು ಅಂಚಿಗೆ ಪೆನ್ಸಿಲಿನ ಗುರುತು ಹಾಕಬೇಕು. ಬೂಷ್ಟಿಗೆ ಔಷಧ ಬೇರೆ, ಎಣ್ಣೆಯ ಪಸೆಗೆ ಸ್ಪಿರಿಟ್ಟು ಬೇರೆ. ಎಲ್ಲಕ್ಕಿಂತ ಹೆಚ್ಚಿಗೆ ಕಾಯಬೇಕಾದದ್ದು ಗಾಜಿನ ಮೇಲೆ ಕಾರ್ಖಾನೆಯವರು ಕೊಟ್ಟಿರುವ ತೆಳು ಲೇಪವನ್ನು. ಓರೆಯಾಗಿ ಹಿಡಿದರೆ ನೇರಳೆಹಣ್ಣಿನ ಬಣ್ಣ ಕಾಣುತ್ತದೆ. ಎದುರು ಬಿಸಿಲು ಫೋಟೊದೊಳಗೆ ಹರಡದ ಹಾಗೆ ತಡೆಯುವುದು ಅದೇ. ಆ ಕಾಲದ ಲೇಪ ಬಹಳ ಮೆತ್ತಗಿನದು. ಹತ್ತಿಯ ತೂಕದಲ್ಲೇ ಒರೆಸಬೇಕು, ಬೆರಳಿನ ತೂಕ ಬೀಳಬಾರದು. ಮದುವೆ ಫೋಟೊ ತೆಗೆಯುವ ಹುಡುಗರಿಗೆ ಇದನ್ನು ನೂರು ಸಲ ಹೇಳಿದ್ದೇನೆ. ಅಂಗಿಯ ತುದಿಯಿಂದ ಒರೆಸಿದವನನ್ನು ಬೈದು ಮನೆಯಿಂದ ಹೊರಗೆ ಹಾಕಿದ್ದೂ ಉಂಟು.

ಮಾಸ್ತರರ ಲೆನ್ಸು ನಾಲ್ಕನೆಯ ದಿನ ಕನ್ನಡಿಯೇ ಆಯಿತು. ಬದಾಮಿಗೆ ಕಳಿಸಿದೆ. ವಾರಕ್ಕೆ ತಿರುಗಿ ಬಂತು, ಜೊತೆಗೆ ಕೆಂಪು ಶಾಯಿಯಲ್ಲಿ ಬರೆದ ಚೀಟಿ: "ಇನ್ನೂ ಮಬ್ಬಿದೆ. ತಿದ್ದಿ ಬರೆ." ಬರೆ ಎಂಬುದನ್ನು ಹೊಡೆದು "ತೊಳೆ" ಎಂದು ಮಾಡಿದ್ದರು.

ಎರಡನೆಯ ಸಲ ಬಿಚ್ಚಿದೆ. ಒಳಗೆ ಏನೂ ಇರಲಿಲ್ಲ. ಆದರೂ ತೊಳೆದೆ. ಕೂಡಿಸಿದ ಮೇಲೆ, ಇಳಕಲ್ಲಿನಲ್ಲಿ ಮದುವೆ ಫೋಟೊ ತೆಗೆಯುವ ಯುನೂಸನನ್ನು ಕರೆಸಿ, ಅವನ ಕ್ಯಾಮೆರಾಕ್ಕೆ ಹಾಕಿ ನಮ್ಮ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯ ಬೋರ್ಡಿನ ಫೋಟೊ ತೆಗೆದೆ. ಬೋರ್ಡಿನ ಕೆಳಗೆ ನಾಯಿಯೊಂದು ಮಲಗಿತ್ತು. ಅದರ ಮೀಸೆಯ ಕೂದಲು ಎಣಿಸುವಂತಿತ್ತು. ದೊಡ್ಡ ಪ್ರಿಂಟು ಹಾಕಿಸಿ ಲೆನ್ಸಿನ ಜೊತೆಗೆ ಕಳಿಸಿದೆ.

ಮಾಸ್ತರರು ಫೋನು ಮಾಡಿದರು. "ಪ್ರಿಂಟೂ ಮಬ್ಬು ಅದ ಅಲ್ಲೋ. ಶಾಯಿ ಛಲೋ ಇಲ್ಲ ಅದು."

ಆಗ ನನಗೆ ತಿಳಿಯಿತು. ತಿಳಿದದ್ದನ್ನು ತಿಳಿದ ಹಾಗೆಯೇ ಹೇಳಿಬಿಟ್ಟೆ. "ಸರ, ಬೂಷ್ಟು ಲೆನ್ಸಿಗಲ್ರಿ. ನಿಮ್ಮ ಕಣ್ಣಿಗೆ ಬಂದೈತಿ. ಮೋತಿಬಿಂದು, ಪೊರಿ ಬೆಳದೈತಿ. ದವಾಖಾನಿಗೆ ಹೋಗ್ರಿ."

ಮಾಸ್ತರರ ಧ್ವನಿ ಏರಿತು. "ಮೂವತ್ತಾರು ವರ್ಷ ಪೇಪರ್ ತಿದ್ದೀದ ಕಣ್ಣು ಇವು. ತನ್ನ ಕೆಲಸ ಸರಿ ಮಾಡಲಾರದವ ಇನ್ನೊಬ್ಬರ ಕಣ್ಣು ಅಂತಾನ. ನೀ ಏಳನೇ ಇಯತ್ತಾದಾಗೂ ಹಿಂಗೇ ಇದ್ದಿ." ಫೋನು ಇಟ್ಟರು.

ಕಸ್ತೂರಿ ಪಕ್ಕದಲ್ಲೇ ನಿಂತಿದ್ದಳು. "ದೊಡ್ಡವರಿಗೆ ಹಂಗ ಹೇಳ್ತಾರೇನ್ರಿ? ಸೊಸಿಗೆ ಹೇಳಿದ್ರ ಆಕಿ ನಾಜೂಕಲೆ ಕರ್ಕೊಂಡ ಹೋಗ್ತಿದ್ದಳು."

"ನನಗ ನಾಜೂಕ ಬರೂದ ಗಾಜಿನ ಮ್ಯಾಲ ಅಷ್ಟ," ಎಂದೆ. ಆಗ ಆ ಮಾತು ನನಗೆ ಬಹಳ ಚೆನ್ನಾಗಿದೆ ಅನ್ನಿಸಿತ್ತು.

ಆಗಸ್ಟಿನಲ್ಲಿ ಬಾಗಲಕೋಟೆಯಲ್ಲಿ ಫೋಟೊಗ್ರಾಫರುಗಳು ಸೇರಿ ಒಂದು ಸಮಾರಂಭ ಮಾಡಿದರು. ಹಿರಿಯರೆಂದು ಮಾಸ್ತರರಿಗೆ ಶಾಲು ಹೊದಿಸಿದರು. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಮೈಕು ಕೈಗೆ ಬಂದ ಕೂಡಲೇ ಮಾಸ್ತರರು ಬೆಳಕು, ನೆರಳು, ತಾಳ್ಮೆ ಎಂದು ಹತ್ತು ನಿಮಿಷ ಮಾತಾಡಿ, ಕೊನೆಗೆ ನನ್ನ ಹೆಸರು ಹಿಡಿದರು.

"ಹುನಗುಂದದ ದುಂಡೇಶ ನನ್ನ ಶಿಷ್ಯ. ಎರಡು ಸಲ ಕೊಟ್ಟೆ, ಎರಡು ಸಲಾನೂ ಲೆನ್ಸು ಸ್ವಚ್ಛ ಆಗಲಿಲ್ಲ. ನಿಮ್ಮ ಸಾಮಾನು ಕೊಡೋ ಮುಂದ ನೋಡಿ ಕೊಡ್ರಿ. ಆದರ ಗುರು ಆದಾವ ಶಿಷ್ಯನ್ನ ಫೇಲ್ ಮಾಡಿ ಸುಮ್ಮನೆ ಕೂಡಬಾರದು. ಇಲ್ಲೇ ಎಲ್ಲಾರ ಮುಂದ ಇನ್ನೊಂದು ಅವಕಾಶ ಕೊಡಲಿಕ್ಕೆ ಹತ್ತೀನಿ."

ಹೇಳಿ, ಚೀಲದಿಂದ ಲೆನ್ಸು ತೆಗೆದು ವೇದಿಕೆಯ ಕೆಳಗಿದ್ದ ಯುನೂಸನ ಕೈಗೆ ಕೊಟ್ಟರು. ಯುನೂಸ ಅದನ್ನು ಹಿಡಿದುಕೊಂಡು ಮೂರನೆಯ ಸಾಲಿಗೆ ಬಂದ. ನೂರೈವತ್ತು ಜನ ಚಪ್ಪಾಳೆ ತಟ್ಟಿದರು. ನನಗೋ ಅವರಿಗೋ ಗೊತ್ತಾಗಲಿಲ್ಲ.

ಮರುದಿನ ಗದಗಿನವನು ತನ್ನ ಲೆನ್ಸು ವಾಪಸು ಕೇಳಿದ. ಅದರ ಮರುದಿನ ಮುಧೋಳದವನು. "ಅರ್ಜೆಂಟ್ ಐತ್ರಿ ಕಾಕಾ," ಎಂದರು ಇಬ್ಬರೂ. ಅರವತ್ತು ವರ್ಷದ ಹಳೆಯ ಲೆನ್ಸಿಗೆ ಏನು ಅರ್ಜೆಂಟು? ಬಸ್‌ಸ್ಟ್ಯಾಂಡಿನ ಪಾರ್ಸಲು ಕೋಣೆಯವನು ನನ್ನನ್ನು ಕಂಡರೆ ಪಾರ್ಸಲು ಇಲ್ಲ ಎಂದು ದೂರದಿಂದಲೇ ಕೈ ಆಡಿಸತೊಡಗಿದ. ಬಚ್ಚಲಲ್ಲಿ ಎಲ್ಲರೂ ಹೊತ್ತಿಗೆ ಸರಿಯಾಗಿ ಜಳಕ ಮಾಡತೊಡಗಿದರು.

ಎಂಟನೆಯ ದಿನ ನಾನು ಮಾಸ್ತರರ ಲೆನ್ಸನ್ನು ಮೂರನೆಯ ಸಲ ಬಿಚ್ಚಿದೆ. ಬಿಸಿನೀರು ಸುರಿಯಲಿಲ್ಲ, ಚಿಲಕವನ್ನೂ ಹಾಕಲಿಲ್ಲ. ಮುಂದಿನ ಗಾಜು ತೆಗೆದು ಬೆಳಕಿಗೆ ಹಿಡಿದೆ. ಒಂದು ಕಣ ಇರಲಿಲ್ಲ. ಸ್ವಚ್ಛವಿರುವುದನ್ನು ಹೇಗೆ ಸ್ವಚ್ಛ ಮಾಡುವುದು? ನನ್ನ ತಾಯಿ ಕಂದೀಲಿನ ಗಾಜನ್ನು ದಿನಾ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಫಳಫಳ ಅನ್ನುತ್ತಿತ್ತು. ನಾನು ಎದ್ದು ದೇವರ ಜಗಲಿಗೆ ಹೋದೆ. ಕೂಡಲಸಂಗಮದಿಂದ ಕಸ್ತೂರಿ ತಂದಿದ್ದ ವಿಭೂತಿ ಗಟ್ಟಿ ಇತ್ತು. ಚೂರು ಕೆರೆದು ಪುಡಿ ಮಾಡಿ, ಧೋತರದ ತುಂಡಿಗೆ ಹಚ್ಚಿಕೊಂಡು ಆ ಗಾಜನ್ನು ತಿಕ್ಕಿದೆ. ಸ್ವಚ್ಛ ಬೇಕಾ? ತಗೋರಿ ಸ್ವಚ್ಛ. ಫೇಲ್ ಅಂತೀರಾ? ತಗೋರಿ. ಒಂದೊಂದು ಮಾತಿಗೆ ಒಂದೊಂದು ಸುತ್ತು.

ತೊಳೆದು ಓರೆಯಾಗಿ ಹಿಡಿದಾಗ ನಡುವೆ ನೇರಳೆ ಬಣ್ಣ ಇರಲಿಲ್ಲ. ಅಂಚಿನಲ್ಲಿ ಒಂದು ಬಳೆಯಷ್ಟು ಉಳಿದಿತ್ತು. ನೋಡುತ್ತ ಕೂತೆ. ಅಂಗಿಯ ತುದಿಯಿಂದ ಒರೆಸಿದವನನ್ನು ಮನೆಯಿಂದ ಹೊರಗೆ ಹಾಕಿದವನು ನಾನು. ಈಗ ನನ್ನನ್ನು ಹೊರಗೆ ಹಾಕುವವರು ಯಾರೂ ಇರಲಿಲ್ಲ. ಗುರುತಿನ ಪ್ರಕಾರ ಎಲ್ಲವನ್ನೂ ಕೂಡಿಸಿ ಯುನೂಸನ ಕೈಯಲ್ಲಿ ಬದಾಮಿಗೆ ಕಳಿಸಿಬಿಟ್ಟೆ.

ಎರಡೇ ದಿನಕ್ಕೆ ಫೋನು ಬಂತು.

"ಶಾಬಾಸ್! ಈಗ ನೋಡು ಹೆಂಗ ಆಗೇದ. ಬೈದರೇ ಮಾಡ್ತಿ ನೀನು, ಸಣ್ಣವ ಇದ್ದಾಗಿಂದಾನೂ. ನೂರಕ್ಕ ಅರವತ್ತು ಕೊಟ್ಟೀನಿ. ಎಲ್ಲಾರಿಗೂ ಹೇಳ್ತೀನಿ."

ಹೇಳಿದರು ಕೂಡ. ಫೋಟೊ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಸೊಸೆಯ ಕೈಯಲ್ಲಿ ಬರೆಸಿ ಹಾಕಿಸಿದರು: ದುಂಡೇಶ ತಿದ್ದಿಕೊಂಡಿದ್ದಾನೆ, ಲೆನ್ಸು ಕೊಡಬಹುದು. ಮುಧೋಳದವನ ಪಾರ್ಸಲು ತಿರುಗಿ ಬಂತು. ಗದಗಿನವನು ಎರಡು ಕಳಿಸಿದ. ಹೋದ ಹೆಸರು ಬಂದಿತ್ತು. ಬುದ್ಧಿ ಇದ್ದವನು ಅಲ್ಲಿಗೆ ಬಾಯಿ ಮುಚ್ಚಿಕೊಂಡು ಮಣೆಯ ಮೇಲೆ ಕೂರುತ್ತಿದ್ದ.

ಆದರೆ ನನಗೆ ತಡೆಯಲಿಲ್ಲ. ಸರಿ ಮಾಡಿದ ಎರಡು ಸಲಕ್ಕೆ ಸೊನ್ನೆ, ಕೆಡಿಸಿದ್ದಕ್ಕೆ ಅರವತ್ತು! ಈ ಲೆಕ್ಕ ಯಾರ ಮುಂದೆ ಹೇಳುವುದು? ಮಾಸ್ತರರ ಕಣ್ಣು ಸರಿಯಾದರೆ ಮೊದಲೆರಡು ಸಲ ನಾನು ಸರಿಯಿದ್ದೆನೆಂದು ಗೊತ್ತಾಗುತ್ತದೆ, ಅವರೇ ನೂರೈವತ್ತು ಜನರ ಮುಂದೆ ತಪ್ಪಾಯಿತೆನ್ನಬೇಕಾಗುತ್ತದೆ. ಇಷ್ಟೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ಕಣ್ಣು ಸರಿಯಾದರೆ ನಾನು ಕೆಡಿಸಿದ್ದೂ ಕಾಣುತ್ತದೆ ಎಂಬುದು ಹೊಳೆಯಲೇ ಇಲ್ಲ.

ರವಿವಾರ ಬದಾಮಿಗೆ ಹೋದೆ. ಬಾಗಿಲು ತೆಗೆದದ್ದು ಸೊಸೆ ಪದ್ಮಜಾ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮಾಸ್ತರರ ಕಣ್ಣಿನ ಮಾತು ತೆಗೆದೆ.

"ನಮಗೂ ಗೊತ್ತದರೀ," ಎಂದರು ಮೆಲ್ಲಗೆ. "ಮೊನ್ನೆ ಚಹಾಕ್ಕ ಉಪ್ಪು ಹಾಕ್ಕೊಂಡು, ಸಕ್ರಿ ಛಲೋ ಬರಲಿಕ್ಕೆ ಹತ್ತಿಲ್ಲ ಅಂದ್ರು. ಆದರ ಅವರಿಗೆ ಹೇಳೋರು ಯಾರು?"

"ನಾ ಹೇಳ್ತೇನ್ರಿ."

"ಒಮ್ಮೆ ಹೇಳೀರಂತಲ್ಲಾ, ಅದಕ್ಕೇ ಅವರು ಈಗ ದವಾಖಾನಿ ಇರೋ ಓಣಿ ಬಿಟ್ಟು ಅಡ್ಡಾಡ್ತಾರ."

ಮಾಸ್ತರರು ಪಡಸಾಲೆಯಲ್ಲಿ ಕೂತಿದ್ದರು. ಬಸ್‌ಸ್ಟ್ಯಾಂಡಿನ ಆ ಪ್ರಿಂಟು ಕೇಳಿ ತರಿಸಿಕೊಂಡು ಅವರ ಕೈಗೆ ಕೊಟ್ಟೆ. "ಸರ, ಇದನ್ನ ಓದ್ರಿ. ನೀವು ಓದಿದ್ರ ನಾ ಇವತ್ತಿನಿಂದ ಲೆನ್ಸ್ ಬಿಚ್ಚೂದ ಬಿಡ್ತೇನಿ. ಓದಾಕ ಆಗಲಿಲ್ಲಂದ್ರ ನೀವು ಕಣ್ಣ ತೋರಸ್ಬೇಕು."

"ಪಂಥಾ ಕಟ್ತೀ ಏನಲೇ?" ಎಂದು ಮಾಸ್ತರರು ನೆಟ್ಟಗೆ ಕೂತರು. ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟುಕೊಂಡು ಶಾಲೆಯಲ್ಲಿ ಓದುವ ಧ್ವನಿಯಲ್ಲಿ ಓದಿದರು. "ಬಾಗಲಕೋಟಿ, ಏಳೂವರಿ. ಇಳಕಲ್ಲ, ಎಂಟೂಕಾಲು. ಕೂಡಲಸಂಗಮ, ಒಂಬತ್ತು. ಸಾಕೇನು?"

ಓದಿದ್ದರಲ್ಲಿ ತಪ್ಪಿರಲಿಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದಾಗಲೂ ಆ ಬಸ್ಸುಗಳು ಅದೇ ಹೊತ್ತಿಗೆ ಹೊರಡುತ್ತಿದ್ದವು, ಮಾಸ್ತರರಿಗೆ ಬಾಯಿಪಾಠ. ಆದರೆ ಮಾಸ್ತರರ ಬೆರಳು ಇದ್ದದ್ದು ಬೋರ್ಡಿನ ಮೇಲಲ್ಲ, ಕೆಳಗೆ ಮಲಗಿದ್ದ ನಾಯಿಯ ಮೇಲೆ.

ಪದ್ಮಜಾ ಬಾಯಿಗೆ ಸೆರಗು ಒತ್ತಿಕೊಂಡರು. "ಮಾವನವರ, ಅದು ನಾಯಿರೀ."

ಮಾಸ್ತರರು ಬೆರಳು ತೆಗೆಯಲಿಲ್ಲ. ಅದರ ತುದಿಯಿಂದ ಕಾಗದವನ್ನು ಮೆಲ್ಲಗೆ ಸವರಿದರು, ಉಬ್ಬಿದ್ದೇನಾದರೂ ಸಿಗುತ್ತದೋ ಎಂಬಂತೆ. ಪ್ರಿಂಟನ್ನು ಮಗುಚಿಟ್ಟು, "ಯಾವ ದವಾಖಾನಿ?" ಎಂದರು.

ಬಾಗಲಕೋಟೆಯಲ್ಲಿ ಆಪರೇಷನ್ ಆಯಿತು. ಮೊದಲು ಒಂದು ಕಣ್ಣು, ಹದಿನೈದು ದಿನ ಬಿಟ್ಟು ಇನ್ನೊಂದು. ಎಲ್ಲ ಸರಿಯಾಯಿತೆಂದು ಪದ್ಮಜಾ ತಿಳಿಸಿದರು. ದೀಪಾವಳಿ ಕಳೆದ ಮೇಲೆ ಮಾಸ್ತರರೇ ಫೋನು ಮಾಡಿದರು. "ರವಿವಾರ ಬರ್ತೀನಿ. ಯುನೂಸಗ ಕ್ಯಾಮೆರಾ ತಗೊಂಡು ಬಾ ಅಂದೀನಿ. ಎಲ್ಲಾರ ಮುಂದ ಅಂದದ್ದು, ಎಲ್ಲಾರಿಗೂ ಕೇಳೋಹಂಗ ವಾಪಸ್ ತಗೋಬೇಕು."

ನಾನು ಹೊಸ ಅಂಗಿ ಹಾಕಿಕೊಂಡು ಕೂತೆ. ಕಸ್ತೂರಿ ಮಂಡಕ್ಕಿಯ ಸೂಸಲ ಮಾಡಿದಳು. ಪದ್ಮಜಾ, ಯುನೂಸ ಜೊತೆಗಿದ್ದರೂ ಮಾಸ್ತರರೇ ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದರು, ಯಾರ ಕೈಯನ್ನೂ ಹಿಡಿಯದೆ. ಹತ್ತಿದವರೇ ಕಸ್ತೂರಿಯ ಸೀರೆ ನೋಡಿ ನಿಂತುಬಿಟ್ಟರು.

"ಏನು ನೀಲಿ ಅದ ಅಲ್ಲವಾ ಇದು! ಇಷ್ಟು ವರ್ಷ ಎಲ್ಲಾರೂ ಕಂದು ಸೀರಿ ಯಾಕ ಉಡ್ತಾರ ಅಂತಿದ್ದೆ ನಾನು."

ಯುನೂಸ ವಿಡಿಯೋ ಶುರು ಮಾಡಿದ. ಮಾಸ್ತರರು ಕುರ್ಚಿಯಿಂದ ಎದ್ದು ನಿಂತರು. ಪ್ರಿಂಟನ್ನು ಎತ್ತಿ ಹಿಡಿದು ಬಸ್ಸಿನ ಹೊತ್ತುಗಳನ್ನು ಓದಿದರು, ಈ ಸಲ ಬೋರ್ಡಿನ ಮೇಲಿನವನ್ನು. "ದುಂಡೇಶ ಕೆಲಸ ಸರಿ ಮಾಡಿದ್ದ. ದೋಷ ನನ್ನ ಕಣ್ಣಿನ್ಯಾಗ ಇತ್ತು. ಎಲ್ಲಾರ ಮುಂದ ಅವನ ಹೆಸರು ಕೆಡಿಸೀನಿ, ಎಲ್ಲಾರ ಮುಂದ ಕ್ಷಮಾ ಕೇಳ್ತೀನಿ." ಕೈ ಮುಗಿದರು.

ನಾನು ಬಯಸಿದ್ದು ಇದೇ. ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೆ ನಾನು ಸೂಸಲದ ತಟ್ಟೆ ಕೆಳಗಿಟ್ಟೆ.

ಮಾಸ್ತರರು ಕೂತು, ಚೀಲಕ್ಕೆ ಕೈ ಹಾಕಿ ಲೆನ್ಸು ಹೊರಗೆ ತೆಗೆದರು. "ಒಂದೇ ಒಂದು ಸಂಶಯ ಅದ," ಎಂದು ಬಾಗಿಲಿನ ಬೆಳಕಿಗೆ ಓರೆಯಾಗಿ ಹಿಡಿದರು. "ಇದಕ್ಕ ಒಂದು ಬಣ್ಣ ಇತ್ತಲ್ಲೋ. ನೇರಳಿಹಣ್ಣಿನಂಥಾದ್ದು. ಸೊಲ್ಲಾಪುರದಾಗ ಒಬ್ಬ ಮಿಲಿಟರಿಯವನ ಹತ್ತರ ಆ ಬಣ್ಣ ನೋಡೇ ತಗೊಂಡಿದ್ದೆ. ಈಗ ಕಾಣವಲ್ಲದು. ಬಂಡೆಗಲ್ಲಿನ ಫೋಟೋನೂ ತೆಗದು ನೋಡಿದೆ, ಬಿಸಿಲೆಲ್ಲಾ ಹಾಲು ಚೆಲ್ಲಿದಂಗ ಹರಡೇದ."

"ಹೊಸಾ ಕಣ್ಣು ಕೂಡ್ರಾಕ ಇನ್ನೊಂದ ತಿಂಗಳ ಬೇಕ್ರಿ ಸರ," ಎಂದೆ. ನನಗೆ ಗೊತ್ತಾಗುವ ಮೊದಲೇ ಮಾತು ಹೊರಗೆ ಬಿದ್ದಿತ್ತು.

"ಹಂಗಂತೀಯಾ?" ಎಂದರು ಮಾಸ್ತರರು. ಒಂದು ಮಾತನ್ನೂ ಅನುಮಾನಿಸಲಿಲ್ಲ. "ಇರಬಹುದು. ಒಮ್ಮೆ ಕಣ್ಣಿನ ತಪ್ಪು ಲೆನ್ಸಿನ ಮ್ಯಾಲ ಹಾಕೀನಿ, ಮತ್ತ ಹಾಕಬಾರದು. ಯುನೂಸ, ಚಾಲೂ ಇಡು. ಈ ಸಂಶಯ ಪಟ್ಟಿದ್ದಕ್ಕೂ ಸೇರಿಸಿ ಒಂದು ಮಾತು ಹೇಳಿಬಿಡ್ತೀನಿ." ಎಂದು ಕುರ್ಚಿಯ ಕೈಗಳನ್ನು ಹಿಡಿದು ಮತ್ತೆ ಏಳತೊಡಗಿದರು.

"ಕೂಡ್ರಿ!" ಎಂದು ನಾನು ಕೂಗಿದೆ. ಎಲ್ಲರೂ ಬೆಚ್ಚಿದರು. "ವಿಭೂತಿ ಹಚ್ಚಿ ತಿಕ್ಕೇನ್ರಿ ನಾನು! ಸಿಟ್ಟೀಲೆ ತಿಕ್ಕೇನಿ. ಬಣ್ಣ ಹೋತು. ಸಾಕೇನ್ರಿ? ಕಣ್ಣ ಛಲೋ ಅದಾವ ನಿಮ್ಮವು!"

"ಅದಕ್ಕ ಗಟ್ಟಿ ಸವೆದಿತ್ತು!" ಎಂದಳು ಕಸ್ತೂರಿ. "ನಾ ಇಲಿ ತಿಂದೈತಿ ಅಂತ ಬೋನು ಇಟ್ಟಿದ್ದೆ."

ಮಾಸ್ತರರು ಸಿಟ್ಟಿಗೇಳಲಿಲ್ಲ. "ಯಾವ ಸಲ?"

"ಮೂರನೇ ಸಲರಿ."

"ಅದಕ್ಕ ಮೊದಲು?"

"ಎರಡೂ ಸಲ ಕನ್ನಡಿ ಇತ್ರಿ."

"ಅವಕ್ಕ ನಾ ಸೊನ್ನಿ ಕೊಟ್ಟೆ. ಹಾಳ ಮಾಡಿ ತಂದದ್ದಕ್ಕ ಅರವತ್ತು." ಲೆನ್ಸನ್ನು ಕೈಯಲ್ಲಿ ಒಂದು ಸಲ ತಿರುಗಿಸಿದರು. "ಶಾಲ್ಯಾಗ ಇನ್ನ ಎಷ್ಟು ಹುಡುಗರಿಗೆ ಹಿಂಗ ಕೊಟ್ಟೀನೋ ಏನೋ."

ಯುನೂಸ ಮೆಲ್ಲಗೆ, "ಸರ್, ಈ ಕಡೀ ಭಾಗ ಕಟ್ ಮಾಡ್ಲೇನ್ರಿ? ಕಾಕಾನ ಧಂದೆ ಕೆಡತೈತಿ," ಎಂದ.

"ಬ್ಯಾಡ. ಎರಡೂ ಗ್ರೂಪಿಗೆ ಹೋಗಲಿ. ಮೊದಲೆರಡು ಸಲದ ತಪ್ಪು ನಂದು, ಅದನ್ನ ಹೇಳಿ ಆತು. ಮೂರನೇದ್ದು ಇವಂದು." ಮಾಸ್ತರರು ನನ್ನ ಕಡೆ ತಿರುಗಿದರು. "ಎದ್ದು ನಿಂದ್ರು. ಹೇಳು."

ನನಗೆ ಐವತ್ಮೂರು ವರ್ಷ. ಅಂಗಳದಲ್ಲಿ ಪಕ್ಕದ ಮನೆಯವರು ಬಂದು ನಿಂತಿದ್ದರು. ಎದುರಿಗೆ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. ಗದಗಿನವನು, ಮುಧೋಳದವನು, ಚಪ್ಪಾಳೆ ತಟ್ಟಿದ ನೂರೈವತ್ತು ಜನರೂ ಅದರೊಳಗೆ ಇದ್ದರು. ಅಂಗಿಯ ತುದಿಯಿಂದ ಒರೆಸಿದ ಆ ಹುಡುಗನೂ ಇದ್ದ. ಎದ್ದು ನಿಂತು, ಕೈ ಕಟ್ಟಿಕೊಂಡು, ತಪ್ಪಾಯಿತು ಎಂದೆ.

"ಕೇಳಸಲಿಲ್ಲ," ಎಂದರು ಮಾಸ್ತರರು, ಕಿವಿ ಮುಂದೆ ಮಾಡಿ.

ನಾನು ಪದ್ಮಜಾ ಅವರ ಮುಖ ನೋಡಿದೆ. ಅವರು ಚಾವಣಿ ನೋಡತೊಡಗಿದರು. ಕಿವಿಯ ದವಾಖಾನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇನ್ನೊಮ್ಮೆ, ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ.

ಮಾಸ್ತರರು ನನ್ನ ಮುಖವನ್ನೇ ದಿಟ್ಟಿಸಿ ನೋಡಿ ತಲೆ ಅಲ್ಲಾಡಿಸಿದರು. "ಹಾಂ. ಈಗ ಕೂಡು."

ಕೇಳಿಸಿತೋ, ಬಾಯಿ ಆಡಿದ್ದು ಕಾಣಿಸಿತೋ, ನಾನು ವಿಚಾರಿಸಲು ಹೋಗಲಿಲ್ಲ.